ಉರ್ಕಿಯೋಲಾ ಘಾಟಿಯಲ್ಲಿ ನಾವು ಎತ್ತಿಕೊಂಡ ಮೇಕೆಮರಿ

ಎಲ್ಲಿದ್ದರೂ ಒಂದು ಗಳಿಗೆ ನಿಲ್ಲಿ. ಟೀ ಕುಡಿಯುತ್ತಿದ್ದರೆ ಲೋಟ ಕೆಳಗಿಡಿ. ಬೆಟ್ಟ, ಮಂಜು, ಹಸಿರು ಅಂತ ನಾಲ್ಕು ಫೋಟೋ ಹಾಕಿ ಸುಮ್ಮನಾಗೋಣ ಎಂದುಕೊಂಡಿದ್ದೆ. ಆದರೆ ನಮ್ಮ ಪುಟ್ಟರಾಜಣ್ಣ ಪರದೇಶದ ಬೆಟ್ಟದಿಂದ ಮೇಕೆಮರಿ ಎತ್ತಿಕೊಂಡು ಬಂದ ಕಥೆಯನ್ನು ಒಳಗೇ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಅಲ್ಲಿಗೆ ಬರುವ ತನಕ ಸ್ವಲ್ಪ ಕಾಯಿರಿ. ನಡುವೆ ಒಂದು ಘಾಟಿ ಹತ್ತಬೇಕು.

ದುರಂಗೊ

ಮೊದಲು ನಾವು ಅಲ್ಲಿಗೆ ಹೋದದ್ದು ಹೇಗೆ ಅನ್ನುವುದನ್ನು ಹೇಳಿಬಿಡುತ್ತೇನೆ. ನಾನು ಕೂಟಗಲ್ಲಿನವನು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ವಿಭಾಗದಲ್ಲಿದ್ದೇನೆ. ಸ್ಪೇನ್ ದೇಶದ ಉತ್ತರಕ್ಕೆ ಬಾಸ್ಕ್ ನಾಡು ಅಂತ ಒಂದು ಬೆಟ್ಟದ ಸೀಮೆ ಇದೆ. ಅಲ್ಲಿ ಕಣಿವೆಗೊಂದರಂತೆ ಮೆಷಿನ್ ಮಾಡುವ ಊರು. ನಮ್ಮ ಕಂಪನಿ ಅಲ್ಲಿಂದ ಹೊಸ ಗ್ರೈಂಡಿಂಗ್ ಮೆಷಿನ್ ತರಿಸಿತು. ಅದನ್ನು ಬಿಚ್ಚಿ ಕಟ್ಟುವುದನ್ನು ಕಲಿಯಲು ಇಬ್ಬರನ್ನು ಕಳಿಸಿತು. ಒಂದಿಷ್ಟು ಇಂಗ್ಲಿಷ್ ಬರುತ್ತದೆ ಅಂತ ನನ್ನನ್ನು, ಮೆಷಿನ್ನಿನ ಮೇಲೆ ಕೈಯಿಟ್ಟರೇ ಕಾಯಿಲೆ ಹೇಳುತ್ತಾನೆ ಅಂತ ಪುಟ್ಟರಾಜಣ್ಣನನ್ನು.

ಪುಟ್ಟರಾಜಣ್ಣ ಮಾಗಡಿ ತಾಲೂಕಿನ ಗುಡೇಮಾರನಹಳ್ಳಿಯವನು, ನನಗಿಂತ ತುಂಬ ದೊಡ್ಡವನು. ಶಿಫ್ಟ್ ಮುಗಿಸಿ ಮನೆಗೆ ಹೋದರೆ ರಾಗಿ ಹೊಲ, ಎರಡು ಹಸು, ಒಂದಷ್ಟು ಮೇಕೆ. ದುರಂಗೊ ಊರಿನ ನಮ್ಮ ರೂಮಿನಲ್ಲಿ ಕೂತು ವಾರವಿಡೀ ಅವನು ಫೋನಿನಲ್ಲಿ ವಿಚಾರಿಸುತ್ತಿದ್ದದ್ದು ಮೇಕೆಗಳನ್ನೇ. ಹೆಂಡತಿ ಮಕ್ಕಳ ಸರದಿ ಆಮೇಲೆ.

ನನ್ನದು ಬೇರೆ ಹುಚ್ಚು. ಸೈಕಲ್ಲು. ಯಾರೂ ಕಲಿಸಿದ್ದಲ್ಲ. ರಾಮನಗರದ ಸೈಬರ್ ಸೆಂಟರಿನಲ್ಲಿ ಕೂತು ಯುರೋಪಿನ ಸೈಕಲ್ ರೇಸುಗಳ ಬಗ್ಗೆ ಓದುವುದು, ಭಾನುವಾರ ಗೇರಿಲ್ಲದ ಸೈಕಲ್ಲಿನಲ್ಲಿ ಸಾವನದುರ್ಗದ ದಾರಿ, ಕಬ್ಬಾಳು ದಾರಿ ಹತ್ತಿ ಅದನ್ನೆಲ್ಲ ಪ್ರಯೋಗ ಮಾಡುವುದು. ಆ ರೇಸುಗಳಲ್ಲಿ ಬಾಸ್ಕ್ ಬೆಟ್ಟಗಳ ಹೆಸರು ಬರುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಟ್ರೈನರ್ ಇನ್ಯಾಕಿ, "ಭಾನುವಾರ ಏನು ಮಾಡುತ್ತೀರಿ?" ಎಂದಾಗ ನಾನು ಕಿಟಕಿಯಾಚೆ ಕಾಣುವ ಬೆಟ್ಟಸಾಲಿನ ಕಡೆ ಬೆರಳು ತೋರಿಸಿದೆ.

ಅವನು ಖುಷಿಯಾಗಿಬಿಟ್ಟ. ತನ್ನದೊಂದು, ತಮ್ಮನದೊಂದು ಸೈಕಲ್ ತಂದುಕೊಟ್ಟ. ಉರ್ಕಿಯೋಲಾ ಘಾಟಿ ಹತ್ತಬೇಕು, ಮೇಲೆ ಬೇಕಾದರೆ ನಡೆದು ಸುತ್ತಾಡಬೇಕು, ಆಮೇಲೆ ಆ ಕಡೆ ಇಳಿದು ಒಚಾಂದಿಯೋ ಎನ್ನುವ ಊರಿನಲ್ಲಿರುವ ತನ್ನ ಅಮ್ಮನ ಮನೆಗೆ ಊಟಕ್ಕೆ ಬರಬೇಕು. ತಾನು ಬೆಳಿಗ್ಗೆಯೇ ಕಾರಿನಲ್ಲಿ ಅಲ್ಲಿಗೆ ಹೋಗಿರುತ್ತೇನೆ ಎಂದ.

ಇದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಪುಟ್ಟರಾಜಣ್ಣ ಕೇಳಿದ್ದು ಒಂದೇ ಪ್ರಶ್ನೆ.

"ಆ ಊರ್ಗೆ ಕಾರು ಹೋಯ್ತದೆ ಅಂತ ಅವ್ನೇ ಯೋಳ್ತಾವ್ನೆ. ಮತ್ತೆ ಸೈಕಲ್ ಯಾಕ್ಲಾ ತುಳೀಬೇಕು?"

"ಖುಷಿಗೆ ಅಣ್ಣಾ."

"ಖುಷಿಗೆ ಅಂತ ಯಾರಾನಾ ಮೂಟೆ ಹೊರ್ತಾರೇನ್ಲಾ?"

ಆದರೂ ಬಂದ. ನನ್ನೊಬ್ಬನನ್ನೇ ಕಳಿಸಿದರೆ ನಮ್ಮವ್ವನಿಗೆ ಏನು ಜವಾಬು ಹೇಳಲಿ ಅನ್ನುವುದು ಅವನ ಚಿಂತೆ.

ಘಾಟಿ

ಘಾಟಿಯ ನೆತ್ತಿ ಮುಟ್ಟುವವರೆಗೆ ಕಾಲು ನೆಲಕ್ಕೆ ಊರಬಾರದು. ಇದು ನನ್ನ ಹರಕೆ. ಶುರುವಿನಲ್ಲಿ ರಸ್ತೆ ಹೊಳೆಯ ಪಕ್ಕ ಮೆತ್ತಗೆ ಹೋಗುತ್ತದೆ, ಕಲ್ಲಿನ ಮನೆಗಳು, ಹಿತ್ತಲಲ್ಲಿ ಈರುಳ್ಳಿ ಪಾತಿ. ಆಮೇಲೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಸೈಬರ್ ಸೆಂಟರಿನಲ್ಲಿ ಓದಿದ್ದ ಗೇರು ಬದಲಿಸುವ ವಿದ್ಯೆಯನ್ನೆಲ್ಲ ಮೊದಲ ತಿರುವಿನಲ್ಲೇ ಖರ್ಚು ಮಾಡಿ ಮುಗಿಸಿದೆ. ಉಳಿದದ್ದು ಉಸಿರು ಮಾತ್ರ. ಅದೂ ಸಾಲುತ್ತಿರಲಿಲ್ಲ.

ಅಲ್ಲಿಯವರಿಗೆ ಭಾನುವಾರ ಅಂದರೆ ಬೆಟ್ಟ. ನಮ್ಮ ಕಡೆ ಭಾನುವಾರ ಮಟನ್ ಅಂಗಡಿ ಮುಂದೆ ಜನ ಇರುವ ಹಾಗೆ ಅಲ್ಲಿ ಘಾಟಿ ರಸ್ತೆಯಲ್ಲಿ ಜನ. ಬಿಳಿ ಕೂದಲಿನ ಅಜ್ಜಂದಿರು ಬಿಗಿಯಾದ ಬಣ್ಣದ ಬನಿಯನ್ ಹಾಕಿಕೊಂಡು, ಪಕ್ಕದಲ್ಲಿರುವವನ ಜೊತೆ ಹರಟೆ ಹೊಡೆಯುತ್ತಲೇ ನನ್ನನ್ನು ದಾಟಿ ಹೋದರು. ದಾಟುವಾಗ ಎಲ್ಲರೂ "ಔಪಾ!" ಅನ್ನುತ್ತಿದ್ದರು. ನಮಸ್ಕಾರ, ಶಭಾಷ್, ಬಿಡಬೇಡ ಕಣೋ, ಎಲ್ಲಕ್ಕೂ ಅದೊಂದೇ ಮಾತು. ಹಿಂದಿನಿಂದ ಪುಟ್ಟರಾಜಣ್ಣ ಉತ್ತರ ಕೊಡುವುದು ನನಗೆ ಕೇಳಿಸುತ್ತಿತ್ತು.

"ಔಪಾ!"

"ಊಟ ಆಯ್ತಾ ಸಾಮಿ?"

ಅವನು ಎರಡನೇ ತಿರುವಿನಲ್ಲೇ ಇಳಿದು ತಳ್ಳಿಕೊಂಡು ಬರುತ್ತಿದ್ದ. ಅವನಿಗೆ ಅದರಲ್ಲಿ ಅವಮಾನ ಏನೂ ಇಲ್ಲ. ಸೈಕಲ್ ಇರುವುದು ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೇರಿ ತಳ್ಳುವುದಕ್ಕೆ. ಇಳಿಜಾರು ಸಿಕ್ಕಿದರೆ ಹತ್ತಿ ಕೂರುವುದು ಲಾಭ.

ನೆತ್ತಿ ಕಣ್ಣಿಗೆ ಬಿತ್ತು. ಚರ್ಚಿನ ಗೋಡೆ, ನಿಂತ ಕಾರುಗಳು, ಸಾಸೇಜ್ ಸುಡುವ ವಾಸನೆ. ಗೆದ್ದೆ ಎಂದುಕೊಂಡು ಹುಲ್ಲುಗಾವಲಿನ ಪಕ್ಕದ ದಾರಿಗೆ ಸೈಕಲ್ ತಿರುಗಿಸಿದೆ. ಅಲ್ಲಿ ದನ ದಾಟದಿರಲಿ ಅಂತ ರಸ್ತೆಗೆ ಅಡ್ಡಲಾಗಿ ಒಂದು ಗುಂಡಿ ತೋಡಿ, ಮೇಲೆ ಕಬ್ಬಿಣದ ಪೈಪು ಸಾಲಾಗಿ ಜೋಡಿಸಿರುತ್ತಾರೆ. ರಾತ್ರಿಯ ಮಂಜಿಗೆ ಪೈಪು ಒದ್ದೆ. ಮುಂದಿನ ಚಕ್ರ ಜಾರಿತು. ಕಾಲು ಊರುವುದಿರಲಿ, ಮೊಣಕೈ, ಮಂಡಿ, ಗಲ್ಲ ಎಲ್ಲ ಊರಿದೆ.

ತಳ್ಳಿಕೊಂಡು ಬಂದ ಪುಟ್ಟರಾಜಣ್ಣ ನನ್ನನ್ನು ಎಬ್ಬಿಸಿ, ಮೊದಲು ಸೈಕಲ್ಲಿಗೆ ಏನಾದರೂ ಆಯಿತಾ ನೋಡಿದ. "ದನ ಬೀಳ್ಲಿ ಅಂತ ಮಾಡವ್ರೆ ಕಣ್ಲಾ ಇದ್ನ. ಸರ್ಯಾಗೇ ಕೆಲ್ಸ ಮಾಡ್ತದೆ."

ಚರ್ಚಿನ ಎದುರು ಕರ್ರಗಿನ ಒಂದು ದೊಡ್ಡ ಕಲ್ಲು ಇದೆ. ಮದುವೆಯಾಗದವರು ಅದನ್ನು ಸುತ್ತು ಹಾಕಿದರೆ ಜೋಡಿ ಸಿಗುತ್ತದಂತೆ. ಇನ್ಯಾಕಿ ಹೇಳಿದ್ದ. ನಮ್ಮೂರಿನ ಅರಳಿಕಟ್ಟೆ ಸುತ್ತಿದ ಹಾಗೇ ನಾನೂ ಚಪ್ಪಲಿ ಬಿಟ್ಟಂತೆ ಶೂ ಬಿಚ್ಚಿಟ್ಟು ಸುತ್ತಿದೆ. ಎಲ್ಲರೂ ಶೂ ಹಾಕಿಕೊಂಡೇ ಸುತ್ತುತ್ತಿದ್ದರು. ಒಬ್ಬ ಹುಡುಗಿ ನನ್ನ ಸಾಕ್ಸಿನ ತೂತು ನೋಡಿ ನಕ್ಕಳು. ಪುಟ್ಟರಾಜಣ್ಣ ಅದನ್ನೂ ಬಿಡಲಿಲ್ಲ. "ಫಲ ಕೊಡ್ತು ನೋಡ್ಲಾ. ನಾಳೀಕೇ ಹೆಣ್ಣಿನ ಕಡೇರು ಬತ್ತಾರೆ."

ರಸ್ತೆಯ ಎರಡೂ ಬದಿಗೆ ಕೆಲವರು ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಿದ್ದರು. ಮಧ್ಯಾಹ್ನ ಇಲ್ಲಿಗೆ ಯಾವುದೋ ಸೈಕಲ್ ರೇಸ್ ಬರುತ್ತದೆ ಅಂತ ಅಷ್ಟು ಮಾತ್ರ ಅರ್ಥವಾಯಿತು. ಸೈಕಲ್ಲುಗಳನ್ನು ಚರ್ಚಿನ ಹಿಂದೆ ಒರಗಿಸಿ ನಡೆಯತೊಡಗಿದೆವು.

ಅಂಬೋತೊ ಬುಡ

ಅಂಬೋತೊ ಎನ್ನುವುದು ಬರಿಗಲ್ಲಿನ ದೊಡ್ಡ ಬೆಟ್ಟ. ರಾಮನಗರದ ಬಂಡೆಗಳು ಗುಂಡಗೆ, ಆನೆ ಮಲಗಿದ ಹಾಗೆ. ಇದು ಹಾಗಲ್ಲ, ಬೂದು ಬಣ್ಣದ ಸುಣ್ಣಕಲ್ಲು, ಗರಗಸದ ಹಲ್ಲಿನ ಹಾಗೆ. ಅದರ ಬುಡದಲ್ಲಿ ಹುಲ್ಲು, ಜರೀಗಿಡ, ಬೀಚ್ ಅಂತ ಕರೆಯುವ ದಪ್ಪ ಮರಗಳು. ಎರಡು ಶಿಖರಗಳ ನಡುವಿನ ತಗ್ಗನ್ನು ದಾಟುವ ಕಾಲುದಾರಿ ಇದೆ. ಮಂಜು ಎಷ್ಟಿತ್ತೆಂದರೆ ಪುಟ್ಟರಾಜಣ್ಣನ ಬೆನ್ನು ಬಿಟ್ಟರೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ಎಲ್ಲೋ ಗಂಟೆ ಸದ್ದು. ಇಲ್ಲಿ ಕುರಿ, ಕುದುರೆ, ದನ ಎಲ್ಲದರ ಕೊರಳಿಗೂ ಗಂಟೆ. ಕಾಯುವವರು ಮಾತ್ರ ಎಲ್ಲೂ ಇಲ್ಲ.

ಪುಟ್ಟರಾಜಣ್ಣನಿಗೆ ಇದೊಂದು ಸಹಿಸಲಾಗದ ವಿಷಯವಾಗಿತ್ತು. "ಇಷ್ಟೊಂದು ಜೀವ ಬುಟ್ಟು ಎಲ್ಲಿ ಸತ್ರೋ ಇವ್ರು? ನಮ್ಮಲ್ಲಿ ಅರ್ಧ ಗಂಟೆ ಇಂಗೆ ಬುಟ್ರೆ ನಾಯಿ ಪಾಲು, ಇಲ್ಲ ಚಿರತೆ ಪಾಲು."

ಸಿಡಿಲಿಗೆ ಸಿಡಿದ ಒಂದು ಮರದ ಹತ್ತಿರ ಅವನು ನಿಂತ. ಜರೀಗಿಡ ಸರಿಸಿದ. ಒಳಗೆ ಒಂದು ಮೇಕೆಮರಿ, ಮುದುಡಿಕೊಂಡು ಮಲಗಿತ್ತು. ಮೇಲೆಲ್ಲ ಕಪ್ಪು, ಹೊಟ್ಟೆ ಕಾಲು ಕೆಂಪು. ಹೊಕ್ಕುಳ ಬಳ್ಳಿ ಇನ್ನೂ ಒಣಗಿರಲಿಲ್ಲ. ನಮ್ಮನ್ನು ನೋಡಿಯೂ ಕೂಗಲಿಲ್ಲ, ಓಡಲಿಲ್ಲ.

"ಕೂಗಕ್ಕೂ ತ್ರಾಣ ಇಲ್ಲ ಕಣ್ಲಾ," ಅಂದ.

ಸುತ್ತ ಹುಡುಕಿದೆವು, ಕೂಗು ಹಾಕಿದೆವು. ತಾಯಿ ಇಲ್ಲ, ಕಾಯುವವನಿಲ್ಲ. ಆಗ ಮಂಜು ಒಂದು ಕಡೆ ಹರಿಯಿತು, ಬಂಡೆಯ ತುದಿ ಕಾಣಿಸಿತು. ಅದರ ಮೇಲೆ ರಣಹದ್ದುಗಳು ರೆಕ್ಕೆ ಅಲ್ಲಾಡಿಸದೆ ಸುತ್ತುತ್ತಿದ್ದವು. ನಮ್ಮ ರಾಮದೇವರ ಬೆಟ್ಟದಲ್ಲೂ ರಣಹದ್ದು ಇವೆ, ಅವುಗಳನ್ನು ಕಂಡರೆ ನನಗೆ ಹೆಮ್ಮೆ. ಇಲ್ಲಿ ಕಂಡಾಗ ಮರಿಗೆ ಅಡ್ಡ ನಿಂತೆ.

ಪುಟ್ಟರಾಜಣ್ಣ ಯೋಚಿಸಲೇ ಇಲ್ಲ. ಜಾಕೆಟ್ಟಿನ ಜಿಪ್ ಎಳೆದು, ಮರಿಯನ್ನು ಎದೆಗೆ ಸೇರಿಸಿಕೊಂಡು ಮತ್ತೆ ಜಿಪ್ ಏರಿಸಿದ. ಕತ್ತಿನ ಹತ್ತಿರ ಅದರ ತಲೆ ಮಾತ್ರ ಹೊರಗೆ. ನಮ್ಮಲ್ಲಿ ಮೇಕೆ ಬೆಟ್ಟದಲ್ಲಿ ಈದರೆ ಕಾಯುವವನು ಕಂಬಳಿಯಲ್ಲಿ ಮರಿ ಸುತ್ತಿಕೊಂಡು ಮನೆಗೆ ತರುತ್ತಾನೆ, ತಾಯಿ ಅರಚುತ್ತ ಹಿಂದೆ ಬರುತ್ತದೆ. ಬಿಟ್ಟು ಬರುವುದು ಎನ್ನುವ ಮಾತೇ ಇಲ್ಲ.

"ಇನ್ಯಾಕಪ್ಪನ ಊರಲ್ಲಿ ಯಾರ್ದು ಅಂತ ಕೇಳಿ ಒಪ್ಪಿಸ್ಬುಡಾನ. ಪುಣ್ಯ ಬತ್ತದೆ."

ಚರ್ಚಿನ ಹತ್ತಿರ ಪಟ್ಟಿ ಕಟ್ಟುತ್ತಿದ್ದವರಿಗೆ ಮರಿ ತೋರಿಸಿದೆವು. ಅವರು ನಕ್ಕರು, ಪುಟ್ಟರಾಜಣ್ಣನ ಭುಜ ತಟ್ಟಿ ಫೋಟೋ ತೆಗೆದುಕೊಂಡರು. ನಾವು ಅದನ್ನು ಮೆಚ್ಚುಗೆ ಎಂದುಕೊಂಡೆವು. ನಾವೇ ಸಾಕಿದ ಮರಿ ಅಂತ ಅವರು ತಿಳಿದಿದ್ದರು ಅನ್ನುವುದು ನನಗೆ ಹೊಳೆದದ್ದು ಆಮೇಲೆ.

ಒಚಾಂದಿಯೋ

ಆ ಕಡೆಯ ಇಳಿಜಾರು ಮೆತ್ತಗಿದೆ, ಪೈನ್ ಮರದ ನೆರಳು. ಪುಟ್ಟರಾಜಣ್ಣ ಬ್ರೇಕು ಹಿಡಿದುಕೊಂಡೇ ಇಳಿದ, ಗುಂಡಿ ಬಂದಾಗಲೆಲ್ಲ ಮರಿಗೆ "ಸುಮ್ಕಿರು ಕಂದಾ" ಅನ್ನುತ್ತಿದ್ದ.

ಇನ್ಯಾಕಿಯ ಅಮ್ಮ ಮಿರೆನ್ ಮನೆ ಮುಂದೆ ಕಾಯುತ್ತಿದ್ದರು. ಎತ್ತರದ ಹೆಂಗಸು, ಕೆಂಪು ಕೆನ್ನೆ, ಏಪ್ರನ್. ಜೀವಮಾನವೆಲ್ಲ ಬೆಟ್ಟದಲ್ಲಿ ಕುರಿ ಮೇಕೆ ಸಾಕಿದವರು ಅಂತ ಇನ್ಯಾಕಿ ಮೊದಲೇ ಹೇಳಿದ್ದ. ಪುಟ್ಟರಾಜಣ್ಣ ಜಿಪ್ ಇಳಿಸಿ, ಹಬ್ಬಕ್ಕೆ ಬಾಗಿನ ತಂದವನ ಹಾಗೆ ಮರಿಯನ್ನು ಮುಂದಕ್ಕೆ ಹಿಡಿದ.

ಆಕೆಯ ಮುಖ ಹೇಗೆ ಬದಲಾಯಿತು ಅಂದರೆ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ತಲೆಯ ಮೇಲೆ ಕೈ ಹೊತ್ತುಕೊಂಡು, ಮಗನ ಕಡೆ ತಿರುಗಿ ಏನೇನೋ ಹೇಳಿದರು. "ಅಂಚುಮೆ, ಅಂಚುಮೆ" ಅನ್ನುವ ಮಾತು ಮಾತ್ರ ಕೇಳಿಸಿತು. ಮೇಕೆಮರಿ ಅಂತ ಅದರ ಅರ್ಥ.

ಇನ್ಯಾಕಿ ನಿಧಾನವಾಗಿ ಹೇಳಿದ. "ಇಲ್ಲಿ ಈ ಮೇಕೆಗಳು ಕಾಡುಮೇಕೆಗಳ ಹಾಗೇ ಇರುತ್ತವೆ. ಬೆಟ್ಟದಲ್ಲೇ ಈಯುತ್ತವೆ. ತಾಯಿಯೇ ಮರಿಯನ್ನು ಗಿಡದ ಮರೆಯಲ್ಲಿ ಮಲಗಿಸಿ, ಅಲ್ಲಾಡಬೇಡ, ಕೂಗಬೇಡ ಅಂತ ಬಿಟ್ಟು ಬಂಡೆ ಮೇಲೆ ಮೇಯಲು ಹೋಗುತ್ತದೆ. ಮಧ್ಯೆ ಬಂದು ಹಾಲು ಕೊಟ್ಟು ಹೋಗುತ್ತದೆ. ಮರಿ ಇಲ್ಲದಿದ್ದರೆ ಸ್ವಲ್ಪ ಹೊತ್ತು ಹುಡುಕುತ್ತದೆ. ಸಂಜೆ ಹೊತ್ತಿಗೆ ಹಿಂಡು ಬಂಡೆಯ ಆ ಕಡೆಗೆ ಹೊರಟುಬಿಡುತ್ತದೆ. ಅಮ್ಮ ಹೇಳುತ್ತಾಳೆ, ಇಷ್ಟು ಎಳೆಯ ಮರಿ ತಾಯಿ ಹಾಲಿಲ್ಲದೆ ಉಳಿಯುವುದು ಕಷ್ಟ."

ನಾನು ಅದನ್ನು ಕನ್ನಡಕ್ಕೆ ತಂದೆ. ಪುಟ್ಟರಾಜಣ್ಣ ಕಲ್ಲಿನ ಜಗಲಿಯ ಮೇಲೆ ಕುಸಿದು ಕುಳಿತ.

"ಮರಕ್ಕೆ ಜೋಲಿ ಕಟ್ಟಿ ಮಗೀನ್ ಮಲಗ್ಸಿ, ಕಳೆ ಕೀಳಕ್ಕೆ ಹೋಗಿದ್ಲು ಕಣ್ಲಾ ಅವ್ವ. ನಾವು ಜೋಲಿ ಸಮೇತ ಎತ್ಕೊಂಡ್ ಬಂದ್ಬುಟ್ವಲ್ಲೋ."

ನಾನು ಪಕ್ಕದಲ್ಲಿ ಕೂತು ಮರಿಯ ತಲೆ ಸವರಿದೆ.

"ನಡೀಲಾ," ಅಂದ. ಊಟದ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. "ಎಲ್ಲಿಂದ ತಂದ್ವೋ ಅಲ್ಲೇ ಮಡಗ್ಬೇಕು. ಈಗ್ಲೇ."

ಇನ್ಯಾಕಿ ಕಾರಿನ ಕೀಲಿಗೆ ಕೈ ಹಾಕಿದವನು ಹಾಗೇ ನಿಂತ. ರೇಸ್ ಇದೇ ದಾರಿಯಲ್ಲಿ ಬಂದು ಘಾಟಿಯ ನೆತ್ತಿಯಲ್ಲಿ ಮುಗಿಯುತ್ತದಂತೆ, ಕಾರುಗಳಿಗೆ ರಸ್ತೆ ಆಗಲೇ ಬಂದ್. ಸೈಕಲ್ಲಿನಲ್ಲಿ ನೋಡಲು ಹೋಗುವವರನ್ನು ಮಾತ್ರ ಇನ್ನೊಂದಿಷ್ಟು ಹೊತ್ತು ಬಿಡುತ್ತಾರೆ. ಅವನು ಪಕ್ಕದ ಮನೆಯಿಂದ ತನಗೊಂದು ಸೈಕಲ್ ತಂದ.

ಹೊರಡುವಾಗ ಪುಟ್ಟರಾಜಣ್ಣ ಮಿರೆನ್ ಅಮ್ಮನ ಕಡೆ ತಿರುಗಿ ನಿಂತ. ಬಲಗೈ ಬೆರಳು ಸೇರಿಸಿ ಮರಿಯ ಬೆನ್ನ ಮೇಲೆ ಉದುರಿಸುವ ಹಾಗೆ ಮಾಡಿ, ಆಮೇಲೆ ನಾಲಿಗೆ ಹೊರಗೆ ಹಾಕಿ ತೋರಿಸಿದ. ಇವನಿಗೆ ತಲೆ ಕೆಟ್ಟಿತಾ ಎಂದುಕೊಂಡೆ. ಆಕೆ ತಟ್ಟನೆ ಒಳಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದು ಅವನ ಅಂಗೈಗೆ ಹಾಕಿ ಬೆರಳು ಮಡಚಿದರು. ಕಲ್ಲುಪ್ಪು. ತಾಯಿ ಮರಿಯನ್ನು ನೆಕ್ಕದಿದ್ದರೆ ಬೆನ್ನಿಗೆ ಉಪ್ಪು ಸವರುವುದು ಗುಡೇಮಾರನಹಳ್ಳಿಯಲ್ಲೂ ಇದೆ, ಅಲ್ಲೂ ಇದೆ. ಆಮೇಲೆ ಆಕೆ ಅವನ ಕೆನ್ನೆ ತಟ್ಟಿದರು, ಸಿಟ್ಟು ಇಳಿದಿತ್ತು.

ಮತ್ತೆ ಮೇಲಕ್ಕೆ

ರಸ್ತೆಗೆ ಅಡ್ಡ ನಿಂತ ಪೊಲೀಸಿನವನು ಕೈ ತೋರಿಸಿ ನಿಲ್ಲಿಸಿದ. ರೇಸ್ ಹತ್ತಿರ ಬಂದಿದೆ, ಇನ್ನು ಸೈಕಲ್ಲೂ ಬಿಡುವುದಿಲ್ಲ. ಇನ್ಯಾಕಿ ಏನೋ ಹೇಳಿದ. ಪೊಲೀಸಿನವನು ಒಪ್ಪಲಿಲ್ಲ. ಆಗ ಪುಟ್ಟರಾಜಣ್ಣನ ಜಾಕೆಟ್ಟಿನೊಳಗಿಂದ ಮರಿ ಮೊದಲ ಸಲ ಕೂಗಿತು. ತೆಳ್ಳಗೆ, ಹಸಿದ ಕೂಗು. ಪೊಲೀಸಿನವನು ಬಗ್ಗಿ ನೋಡಿದ, ಇನ್ಯಾಕಿಯ ಮುಖ ನೋಡಿದ, ಪಟ್ಟಿ ಎತ್ತಿ ಹಿಡಿದ.

ಈ ಸಲ ಪುಟ್ಟರಾಜಣ್ಣ ಇಳಿದು ತಳ್ಳಲಿಲ್ಲ. ಎಂಥ ತುಳಿತ ಅದು! ಗೇರು ಬದಲಿಸುವುದು ಅವನಿಗೆ ಗೊತ್ತಿಲ್ಲ, ನಾನು ಹಿಂದಿನಿಂದ "ಅಣ್ಣಾ, ಎಡಗೈದು ಒತ್ತು, ಎಡಗೈದು" ಅಂತ ಅರಚಿದರೆ, "ನಿನ್ ವಿದ್ಯೆ ನಿಂಗೇ ಇರ್ಲಿ, ಬಾಯ್ ಮುಚ್ಕಂಡು ಬಾರ್ಲಾ" ಅಂದ. ರಸ್ತೆಯ ಎರಡೂ ಬದಿಗೆ ಜನ, ಬುಟ್ಟಿ ಬಿಚ್ಚಿಟ್ಟುಕೊಂಡು ರೊಟ್ಟಿ ಚೀಸು ತಿನ್ನುತ್ತ ರೇಸಿಗೆ ಕಾಯುತ್ತಿದ್ದರು. ರೇಸಿನ ಬದಲು ಬಂದದ್ದು ನಾವು. ಮೊದಲು ನಗು, ಮರಿಯ ತಲೆ ಕಂಡ ಮೇಲೆ ಗಲಾಟೆ. "ಔಪಾ! ಔಪಾ!" ಅಂತ ತಟ್ಟೆ ಬಡಿದರು. ಒಬ್ಬ ಅಜ್ಜ ಹತ್ತು ಹೆಜ್ಜೆ ಪಕ್ಕದಲ್ಲೇ ಓಡಿ ಪುಟ್ಟರಾಜಣ್ಣನ ಬೆನ್ನಿಗೆ ಕೈಕೊಟ್ಟು ತಳ್ಳಿದ. ನಾನು ಸೈಬರ್ ಸೆಂಟರಿನಲ್ಲಿ ಕೂತು ಕನಸು ಕಂಡಿದ್ದ ದೃಶ್ಯ ಪೂರ್ತಿ ಇದೇ. ಕನಸಿನಲ್ಲಿ ಮುಂದೆ ಇದ್ದವನು ನಾನು, ಅಷ್ಟೇ ವ್ಯತ್ಯಾಸ.

ನೆತ್ತಿಯಲ್ಲಿ ಸೈಕಲ್ ಬಿಸಾಕಿ ಓಡಿದೆವು. ಮಂಜು ಹರಿದು ಬಿಸಿಲು ಬಂದಿತ್ತು. ಮಂಜಿನಲ್ಲಿ ನೋಡಿದ ಜಾಗ ಬಿಸಿಲಿನಲ್ಲಿ ಬೇರೆಯೇ ಊರು. ನನಗೆ ಎಲ್ಲ ಮರವೂ ಒಂದೇ. ಇನ್ಯಾಕಿ ಹೇಳಿದ, "ಅದೇ ಜಾಗವಾಗಬೇಕು. ತಾಯಿ ಬಿಟ್ಟ ಜಾಗಕ್ಕೆ ಬರುತ್ತದೆ." ಪುಟ್ಟರಾಜಣ್ಣ ಎರಡು ಸಲ ತಪ್ಪಿದ. ಮೂರನೆಯದು ಸಿಡಿದ ಮರ. ನಾವು ತುಳಿದ ಜರೀಗಿಡ ಇನ್ನೂ ಬಾಗಿಕೊಂಡೇ ಇತ್ತು.

ಮರಿಯನ್ನು ಮಲಗಿಸಿ, ಹಸಿ ಜರೀಗಿಡ ಕಿವುಚಿ ಮೈಗೆಲ್ಲ ಉಜ್ಜಿದ, ಮನುಷ್ಯರ ವಾಸನೆ ಹೋಗಲಿ ಅಂತ. ಬೆನ್ನ ಮೇಲೆ ಉಪ್ಪು ಪುಡಿಮಾಡಿ ಸವರಿದ. ನಾವು ಗಾಳಿಗೆ ಎದುರಾಗಿ ದೂರದ ಒಂದು ಕಲ್ಲಿನ ಹಿಂದೆ ಮಲಗಿದೆವು.

ಏನೂ ಬರಲಿಲ್ಲ. ಕೆಳಗೆ ರಸ್ತೆಯಲ್ಲಿ ಕೂಗು ಎದ್ದಿತು, ರೇಸ್ ಬಂತು ಅಂತ ಕಾಣುತ್ತದೆ. ಯಾರು ಗೆದ್ದರೋ. ನಾನು ತಲೆಯೆತ್ತಿ ನೋಡಲಿಲ್ಲ.

ಆಮೇಲೆ ಗಂಟೆ ಸದ್ದು. ಬಂಡೆಯ ಸೀಳಿನಿಂದ ಒಂದು ಕಪ್ಪು ಮೇಕೆ ಇಳಿಯಿತು, ಕೆಚ್ಚಲು ಬಿಗಿದುಕೊಂಡಿತ್ತು. ನಿಂತು ಕೂಗಿತು. ಮರಿ ಎದ್ದು ನಡುಗುತ್ತ ಉತ್ತರ ಕೊಟ್ಟಿತು. ತಾಯಿ ಹತ್ತಿರ ಬಂದು ಮೂಸಿತು. ತಲೆ ಕೊಡವಿ ಮರಿಯನ್ನು ಕೊಂಬಿನಿಂದ ಪಕ್ಕಕ್ಕೆ ತಳ್ಳಿತು. ಮರಿ ಬಿತ್ತು. ತಾಯಿ ತಿರುಗಿ ನಾಲ್ಕು ಹೆಜ್ಜೆ ಹೋಯಿತು.

ಪುಟ್ಟರಾಜಣ್ಣ ನನ್ನ ತೋಳು ಹಿಡಿದಿದ್ದ ಜಾಗ ಮರುದಿನ ನೀಲಿಗಟ್ಟಿತ್ತು.

"ನಮ್ ವಾಸ್ನೆ ಕಣ್ಲಾ," ಉಸಿರಿನಲ್ಲೇ ಅಂದ. "ನೆಕ್ಕವ್ವಾ. ಒಂದ್ ಸಲ ನೆಕ್ಕು. ನಾನ್ ಮಾಡಿದ್ದು, ಅದುರ್ ಮ್ಯಾಲೆ ತೀರ್ಸ್ಕಬ್ಯಾಡ."

ಮರಿ ಎದ್ದು ಮತ್ತೆ ಹೋಯಿತು. ತಾಯಿ ಮತ್ತೆ ಮೂಸಿತು. ಈ ಸಲ ಮೂತಿ ಬೆನ್ನ ಮೇಲೆ ನಿಂತಿತು. ನಾಲಿಗೆ ಒಂದು ಸಲ ಆಡಿತು, ಇನ್ನೊಂದು ಸಲ. ಆಮೇಲೆ ಬಾಲದಿಂದ ಕಿವಿಯವರೆಗೆ ಬಿಡದೆ ನೆಕ್ಕತೊಡಗಿತು. ಮರಿ ಕಾಲುಗಳ ನಡುವೆ ನುಗ್ಗಿ ಕೆಚ್ಚಲಿಗೆ ಗುದ್ದಿತು.

"ಬಾಲ ನೋಡ್ಲಾ, ಬಾಲ! ಆಡ್ತಾ ಐತೆ. ಹಾಲು ಬಂತು."

ಇನ್ಯಾಕಿಗೆ ಕನ್ನಡ ಬೇಕಾಗಲಿಲ್ಲ. ಹುಲ್ಲಿಗೆ ಮುಖ ಒತ್ತಿಕೊಂಡು ನಗುತ್ತಿದ್ದ. ಪುಟ್ಟರಾಜಣ್ಣ ಟೋಪಿಯಿಂದ ಕಣ್ಣು ಒರೆಸಿಕೊಂಡ. ನಾನು ನೋಡಿದ್ದು ಕಂಡು, "ಉಪ್ಪಿನ್ ಕೈ ತಾಕ್ತು" ಅಂದ.

ಹೊಟ್ಟೆ ತುಂಬಿದ ಮೇಲೆ ತಾಯಿ ಮರಿಯನ್ನು ಅಲ್ಲಿ ಮಲಗಿಸಲಿಲ್ಲ. ಮುಂದೆ ಮುಂದೆ ನಡೆದು, ನಿಂತು ನಿಂತು ಕರೆದು, ಬಂಡೆಯ ಸೀಳಿನೊಳಕ್ಕೆ ಕರೆದುಕೊಂಡು ಹೋಯಿತು. ಹೊಸ ಜಾಗ. ನಮಗೆ ಕಾಣದ ಜಾಗ.

"ಬುದ್ವಂತೆ," ಅಂದ ಪುಟ್ಟರಾಜಣ್ಣ. "ಇನ್ ನಮ್ಮನ್ನ ನಂಬಕ್ಕಿಲ್ಲ. ನಂಬ್ಲೂಬಾರ್ದು."

ಇದೇ ನಾನು ಹೇಳಬೇಕಿದ್ದದ್ದು. ಈಗ ಹಾರೋಹಳ್ಳಿಯಲ್ಲಿ ಹೊಸ ಮೆಷಿನ್ ಚೆನ್ನಾಗಿ ಓಡುತ್ತಿದೆ. ಆದರೆ ಕಥೆ ಕೇಳಿದ ದಿನದಿಂದ ಫ್ಯಾಕ್ಟರಿಯವರು ಪುಟ್ಟರಾಜಣ್ಣನನ್ನು "ಮರಿಕಳ್ಳ" ಅಂತ ಕರೆಯುತ್ತಿದ್ದಾರೆ. ಅವನು ನಗುತ್ತಾನೆ, ಆದರೂ ಒಮ್ಮೊಮ್ಮೆ ಟಿಫನ್ ಡಬ್ಬಿ ಮುಚ್ಚುತ್ತ, "ಒಳ್ಳೇದ್ ಮಾಡಕ್ಕೋಗಿ ಇಂಗ್ ಮಾಡ್ದೋನು ನಾನೊಬ್ನೇ ಏನ್ಲಾ ಲೋಕ್ದಲ್ಲಿ?" ಅಂತ ಕೇಳುತ್ತಾನೆ. ಉತ್ತರ ನಿಮ್ಮ ಹತ್ತಿರ ಇರಬಹುದು. ಪರದೇಶವೇ ಆಗಬೇಕಿಲ್ಲ, ಪಕ್ಕದ ತಾಲೂಕಾದರೂ ಸರಿ, ಅಲ್ಲಿಯ ರೀತಿ ಗೊತ್ತಿಲ್ಲದೆ ಉಪಕಾರ ಮಾಡಲು ಹೋಗಿ ನೀವೂ ಎಡವಟ್ಟು ಮಾಡಿಕೊಂಡಿದ್ದರೆ ಕೆಳಗೆ ಒಂದಿಷ್ಟು ಬರೆಯಿರಿ, ನಾಚಿಕೊಳ್ಳಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತೇನೆ. ಅವನೊಬ್ಬನೇ ಅಲ್ಲ ಅಂತ ಅವನಿಗೂ ಗೊತ್ತಾಗಲಿ.